ಅಳುವವರನ್ನು ಅಳಲು ಬಿಡಿ

ಸಾವಿನ ಮನೆಗೆ ಹೋದಾಗ ನಮ್ಮ ಬಾಯಿಗೆ ಮೊದಲು ಬರುವ ಮಾತು "ಅಳಬೇಡ, ಗಟ್ಟಿಯಾಗಿರು". ಗಂಡುಮಕ್ಕಳಿಗಂತೂ ಇನ್ನೂ ಜಾಸ್ತಿ. "ನೀನೇ ಹೀಗೆ ಕೂತರೆ ಅಮ್ಮನನ್ನು ಯಾರು ನೋಡ್ಕೋತಾರೆ?" ಪ್ರೀತಿಯಿಂದಲೇ ಹೇಳುತ್ತಾರೆ, ನಿಜ. ಆದರೆ ಅಪ್ಪ ಹೋದಾಗ ಈ ಮಾತು ಕೇಳಿಕೊಂಡೇ ಶಾಮಿಯಾನ, ಅಡುಗೆ, ಡೆತ್ ಸರ್ಟಿಫಿಕೇಟು ಅಂತ ಓಡಾಡಿದ ನನಗೆ, ಹನ್ನೊಂದನೇ ದಿನದ ತಿಥಿ ಮುಗಿದು ನೆಂಟರೆಲ್ಲ ಬಸ್ಸು ಹತ್ತಿದ ಮೇಲೇ ಅಳು ಬಂತು. ಆಗ ಪಕ್ಕದಲ್ಲಿ ಯಾರೂ ಇರಲಿಲ್ಲ.

ದುಃಖ ಕಾಯಿಲೆಯಲ್ಲ. ನಿದ್ದೆ ಬರಲ್ಲ, ಊಟ ಸೇರಲ್ಲ, ಗೇಟು ಸದ್ದಾದರೆ ಅವರೇ ಬಂದರು ಅನ್ನಿಸುತ್ತದೆ, ಒಮ್ಮೊಮ್ಮೆ ಹೋದವರ ಮೇಲೇ ಸಿಟ್ಟು ಬರುತ್ತದೆ. ಇದೆಲ್ಲ ಆಗುವಂಥದ್ದೇ. ದುಃಖಕ್ಕೆ ಐದು ಹಂತ (ನಂಬದಿರುವುದು, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು) ಅಂತ ಎಲ್ಲರೂ ಹೇಳುತ್ತಾರೆ ಅಲ್ವಾ? 1969ರಲ್ಲಿ ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್ ರಾಸ್ ಅದನ್ನು ಬರೆದದ್ದು ತಾವೇ ಸಾಯುತ್ತಿದ್ದ ರೋಗಿಗಳ ಜೊತೆ ಮಾತಾಡಿ. ಹಿಂದೆ ಉಳಿದವರ ದುಃಖ ಹಾಗೆ ಮೆಟ್ಟಿಲು ಹತ್ತುವುದಿಲ್ಲ. 1999ರಲ್ಲಿ ಸ್ಟ್ರೋಬೆ ಮತ್ತು ಶುಟ್ ಎಂಬ ಮನಶ್ಶಾಸ್ತ್ರಜ್ಞರು ಹೇಳಿದ್ದು ನನಗೆ ಹೆಚ್ಚು ಸರಿ ಅನ್ನಿಸುತ್ತದೆ: ಮನಸ್ಸು ಒಮ್ಮೆ ನೋವಿನ ಕಡೆ, ಒಮ್ಮೆ ದಿನದ ಬದುಕಿನ ಕಡೆ ಹೋಗಿ ಬಂದು ಮಾಡುತ್ತದೆ, ಎರಡೂ ಬೇಕು. ಬೆಳಿಗ್ಗೆ ಅತ್ತವಳು ಸಂಜೆ ಕ್ರಿಕೆಟ್ ನೋಡಿ ನಕ್ಕರೆ ದಯವಿಟ್ಟು ಆಡಿಕೊಳ್ಳಬೇಡಿ.

ಮರೆತುಬಿಡು ಅನ್ನುವುದೂ ಬೇಡ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಅವರಿಗೆ ಇಷ್ಟ ಅಂತ ಬೀಡಿ ಕೂಡ ಇಡುವ ಮನೆಗಳಿವೆ. ವರ್ಷಕ್ಕೊಮ್ಮೆ ಹೆಸರು ಹಿಡಿದು ನೆನೆಯಲು ಹಿರಿಯರೇ ಜಾಗ ಮಾಡಿಟ್ಟಿದ್ದಾರೆ, ಅದು ಒಳ್ಳೆಯದು. ಹಾಗಂತ ಎಲ್ಲ ಪದ್ಧತಿಯನ್ನೂ ನಾನು ಒಪ್ಪಲ್ಲ. ಗಂಡನನ್ನು ಕಳೆದುಕೊಂಡವಳ ಬಳೆ ಒಡೆಸಿ ಕುಂಕುಮ ಅಳಿಸುವುದು ಗಾಯದ ಮೇಲೆ ಬರೆ ಎಳೆದಂತೆ. ಅದನ್ನು ನಿಲ್ಲಿಸಲೇಬೇಕು.

ಕೆಲವರಿಗೆ ಮಾತ್ರ ದುಃಖ ಸಡಿಲವಾಗುವುದೇ ಇಲ್ಲ. ತಿಂಗಳುಗಟ್ಟಲೆ, ಹೆಚ್ಚುಕಡಿಮೆ ದಿನವೂ ಅದೇ ಹಂಬಲ, ಸಾವನ್ನು ನಂಬಲಾಗದ ಸ್ಥಿತಿ, ಕೆಲಸ ಮನೆ ಯಾವುದೂ ನಡೆಯದು. ಇದಕ್ಕೆ ಈಗ ವೈದ್ಯರ ಕಾಯಿಲೆಗಳ ಪಟ್ಟಿಯಲ್ಲಿ ಜಾಗವಿದೆ. ಹಾಗೆ ಕರೆಯಲು ಇದು ಎಷ್ಟು ಕಾಲ ಇರಬೇಕು? ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠ 6 ತಿಂಗಳು ಅನ್ನುತ್ತದೆ, ಅಮೆರಿಕದ ಮನೋವೈದ್ಯರ ಸಂಘ 2022ರಲ್ಲಿ ದೊಡ್ಡವರಿಗೆ 12 ತಿಂಗಳು ಅಂದಿತು. ತಜ್ಞರ ಲೆಕ್ಕವೇ ಇಷ್ಟು ಬೇರೆ ಇರುವಾಗ, ಮೂರನೇ ವಾರಕ್ಕೇ "ಇನ್ನೂ ಅಳ್ತೀಯಾ?" ಅಂತ ಕೇಳಲು ನಾವು ಯಾರು?

ಆದರೆ ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.