ಈ ಸಲ ಕಿಡ್ಯೊ ಮಾತ್ರ

ಡಬ್ಲಿನ್‌ಗೆ ಬಂದ ಮೊದಲ ವರ್ಷ ಕ್ರಿಸ್ಮಸ್‌ಗೆ 8 ಬಗೆ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳನ್ನು, ಮಾಡಲು ಹೊರಟಿದ್ದೆ. ಕಿಡ್ಯೊ, ನೆವ್ರ್ಯೊ, ಕೊಕ್ಕಿಸಾಂ, ಗುಳಿಯೊ, ತುಕ್ಡಿ, ಚಕ್ಕುಲಿ, ರವೆ ಉಂಡೆ, ಕೇಕ್. ಮಂಗಳೂರಿನ ನಮ್ಮ ಮನೆಯಲ್ಲಿ ಇಷ್ಟಿಲ್ಲದೆ ಹಬ್ಬವೇ ಇಲ್ಲ. ಎಲ್ಲವನ್ನೂ ತಟ್ಟೆಯಲ್ಲಿ ಜೋಡಿಸಿ, ಮೇಲೊಂದು ಕಸೂತಿ ಬಟ್ಟೆ ಮುಚ್ಚಿ, ಅಕ್ಕಪಕ್ಕದ ಎಲ್ಲರ ಮನೆಗೂ ಕೊಟ್ಟು ಬರಬೇಕು. ಇಲ್ಲಿ ಯಾರ ಮನೆಗೆ ಕೊಡೋದು ಅಂತ ಯೋಚಿಸಲೇ ಇಲ್ಲ ನೋಡಿ.

ಆಫೀಸಿನಿಂದ ಬಂದು ರಾತ್ರಿ ಕರಿಯಲು ನಿಂತರೆ ಸ್ಮೋಕ್ ಅಲಾರಾಂ ಬಾಯಿ ಬಡಿದುಕೊಳ್ಳುತ್ತಿತ್ತು. ಕಿಟಕಿ ತೆರೆದರೆ ಮಗಳಿಗೆ ಚಳಿ, ಮುಚ್ಚಿದರೆ ಅಲಾರಾಂ. ಕೊಕ್ಕಿಸಾಂ ಅಂದರೆ ಹೂವಿನ ಆಕಾರದ ತಿಂಡಿ. ಅದರ ಅಚ್ಚನ್ನು ಎಣ್ಣೆಯಲ್ಲಿ ಚೆನ್ನಾಗಿ ಕಾಯಿಸಿ, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ನಾನು ಪೂರ್ತಿ ಮುಳುಗಿಸಿಬಿಟ್ಟೆ. ಹೂವು ಅಚ್ಚು ಬಿಟ್ಟು ಬರಲೇ ಇಲ್ಲ. ಚಾಕುವಿನಿಂದ ಕೆರೆದು ಕೆರೆದು ತಿಂದೆವು. 24ರ ರಾತ್ರಿ ಪೂಜೆಗೆ ಹೋದವಳು ಚರ್ಚಿನ ಬೆಂಚಿನಲ್ಲೇ ನಿದ್ದೆ ಹೋದೆ. ಗಂಡ ಎಬ್ಬಿಸಿದ್ದು ಕೊನೆಯ ಹಾಡಿಗೆ.

ಮುಂದಿನ ಡಿಸೆಂಬರ್‌ನಲ್ಲಿ ಅಮ್ಮನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ.

“ನೀನೊಬ್ಬಳೇ ಯಾಕೆ ಮಾಡ್ಲಿಕ್ಕೆ ಹೋದದ್ದು ಮಾರಾಯ್ತಿ? ಇಲ್ಲಿ ಅಜ್ಜಿ ಇದ್ರು, ಚಿಕ್ಕಮ್ಮಂದಿರು ಇದ್ರು, ಪಕ್ಕದ ಮನೆಯವರೂ ಬರ್ತಿದ್ರು. ಅಷ್ಟು ಕೈ ಇತ್ತು, ಅಷ್ಟು ಬಗೆ ಆಯ್ತು,” ಅಂದರು. ಆಮೇಲೆ ಮೆತ್ತಗೆ, “ಗುಳಿಯೊ ನಂಗೂ ಇಷ್ಟ ಇಲ್ಲ.”

ಇಷ್ಟು ವರ್ಷ ಮಾಡಿ ಮಾಡಿ ಹಂಚಿದ ಮೇಲೆ ಹೊರಬಂದ ಸತ್ಯ!

ಆ ವರ್ಷ ಕಿಡ್ಯೊ ಮಾತ್ರ ಅಂತ ತೀರ್ಮಾನಿಸಿದೆ. ಕೇಕ್ ಅಂಗಡಿಯದ್ದು. ಅದನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ. ಕಿಡ್ಯೊನೇ ಯಾಕೆ ಅಂದರೆ, ಒಬ್ಬರೇ ಮಾಡಿದರೆ ಅದು ಶಿಕ್ಷೆ, ಎಲ್ಲರೂ ಕೂತರೆ ಆಟ. ಮೈದಾ, ತೆಂಗಿನಹಾಲು, ಒಂಚೂರು ಸಕ್ಕರೆ, ಉಪ್ಪು. ಗೋಲಿಯಷ್ಟು ಹಿಟ್ಟನ್ನು ಫೋರ್ಕಿನ ಬೆನ್ನಿಗೆ ಒತ್ತಿ, ಹೆಬ್ಬೆರಳಿನಲ್ಲಿ ಸುರುಳಿ ಸುತ್ತಬೇಕು. ಊರಲ್ಲಿ ಇದಕ್ಕೆಂದೇ ಒಂದು ಹೊಸ ಬಾಚಣಿಗೆ ಇಟ್ಟಿರುತ್ತಿದ್ದರು. ಮೈತುಂಬ ಗೀರು ಬಿದ್ದ ಪುಟ್ಟ ಹುಳದ ಹಾಗೆ ಕಾಣುತ್ತದೆ. ಕೊಂಕಣಿಯಲ್ಲಿ ಕಿಡೊ ಅಂದರೆ ಹುಳವೇ. ಇದು ಗೊತ್ತಾದ ಮೇಲೆ ಮಗಳನ್ನು ಹಿಡಿಯೋರಿಲ್ಲ. ಅವಳ ಹುಳಗಳಿಗೆ ಕಣ್ಣೂ ಬಂದವು. ಗಂಡ ಮಾಡಿದ್ದು ಯಾವ ಪ್ರಾಣಿಯೋ ಗೊತ್ತಾಗಲಿಲ್ಲ. ಹೊರಗೆ 4 ಗಂಟೆ ದಾಟುತ್ತಲೇ ಕತ್ತಲು. ಮೂವರೂ ಮೇಜು ಬಿಟ್ಟು ಏಳಲೇ ಇಲ್ಲ.

ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿ, ಶೂ ಡಬ್ಬಿಯಲ್ಲೇ ಆಯಿತು. ಹುಲ್ಲಿಗೆ ಅಂತ ಬಟ್ಟಲಲ್ಲಿ ಬಿತ್ತಿದ್ದ ರಾಗಿ ಹೀಟರ್ ಪಕ್ಕ ಇಟ್ಟ ಮೇಲಷ್ಟೇ ಮೊಳೆಯಿತು.

25ರಂದು ಇಲ್ಲಿ ಬಸ್ಸು, ರೈಲು, ಟ್ರಾಮ್ ಒಂದೂ ಓಡುವುದಿಲ್ಲ. ಮೊದಲ ವರ್ಷ ಅದಕ್ಕೇ ಅಳು ಬಂದಿತ್ತು. ಈ ಸಲ ಮಧ್ಯಾಹ್ನ ಉಂಡು ಮೂವರೂ ಗಡದ್ದಾಗಿ ಮಲಗಿದೆವು.

ಪಕ್ಕದ ಮನೆಯ ಐರಿಷ್ ಅಜ್ಜಿಗೆ ಒಂದು ಡಬ್ಬಿ ಕಿಡ್ಯೊ ಕೊಟ್ಟೆ. ಹುಳದ ವಿಷಯ ಹೇಳಲಿಲ್ಲ, ಸುಮ್ನೆ ಯಾಕೆ. ಜನವರಿ 6 ಇಲ್ಲಿ ‘ನೊಲಿಗ್ ನ ಮಾನ್’, ಅಂದರೆ ಹೆಂಗಸರ ಕ್ರಿಸ್ಮಸ್ ಅಂತ ಹೇಳಿದ್ದು ಅವರೇ. ಹಬ್ಬದ ಕೆಲಸ ಮಾಡಿ ದಣಿದ ಹೆಂಗಸರಿಗೆ ಅವತ್ತು ರಜೆ, ಅಡುಗೆಮನೆ ಗಂಡಸರದ್ದು.

ನಾನೇನೂ ಅಷ್ಟು ದಣಿದಿರಲಿಲ್ಲ. ಆದರೂ 6ರಂದು ಉಳಿದ ಕಿಡ್ಯೊ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಸೋಫಾದಲ್ಲಿ ಕೂತೆ. ಅಡುಗೆಮನೆಯಿಂದ ಒಗ್ಗರಣೆ ಸೀದ ವಾಸನೆ ಬಂತು. ಹಿಂದೆಯೇ ಅಲಾರಾಂ ಶುರುವಾಯಿತು. ನಾನು ಏಳಲಿಲ್ಲ.