ಪಿತ್ತಕೋಶದ ಒಳಪದರದಲ್ಲಿ ಮೆಗಾಲಿನ್, ಕ್ಯೂಬಿಲಿನ್: ಮಳೆಗಾಲದ ಲಾಗ್
ಮಂಗಳೂರು, ಜೂನ್ ಮೊದಲ ವಾರ

ಪಿತ್ತಕೋಶದ ಒಳಪದರದಲ್ಲಿ ಮೆಗಾಲಿನ್, ಕ್ಯೂಬಿಲಿನ್ ಎಂಬ ಎರಡು ಪ್ರೋಟೀನುಗಳನ್ನು, ಅವಕ್ಕೆ ಅಂಟುವ ಆಂಟಿಬಾಡಿ ಮತ್ತು ಬಣ್ಣದಿಂದ ಸ್ಲೈಡಿನ ಮೇಲೆ ಗುರುತಿಸುವುದು ನಮ್ಮ ಕೆಲಸ. ಈ ವಾರ ಒಂದೂ ಸ್ಲೈಡ್ ಆಗಿಲ್ಲ, ಬರೀ ಕಲ್ಲು ಸೀಳಿದ್ದೇ ಕೆಲಸ. ಉತ್ತರ ಭಾರತದಲ್ಲಿ ಪಿತ್ತದ ಕಲ್ಲೆಂದರೆ ಹೆಚ್ಚಾಗಿ ಕೊಲೆಸ್ಟರಾಲ್ ಕಲ್ಲು. ದಕ್ಷಿಣದಲ್ಲಿ ಪಿಗ್ಮೆಂಟ್ ಕಲ್ಲಿನ, ಅಂದರೆ ಪಿತ್ತದ ಬಣ್ಣವಾದ ಬಿಲಿರುಬಿನ್ನಿನಿಂದ ಆಗುವ ಕಲ್ಲಿನ, ಪಾಲು ದೊಡ್ಡದು. ನಾವು ಹುಡುಕುತ್ತಿರುವ ಮೆಗಾಲಿನ್, ಕ್ಯೂಬಿಲಿನ್ ಎರಡೂ ಪಿತ್ತರಸದಿಂದ ಅಪೊಲಿಪೊಪ್ರೋಟೀನ್ ಎ-1ರಂಥ ಕೊಲೆಸ್ಟರಾಲ್ ಸಂಬಂಧಿ ಪ್ರೋಟೀನುಗಳನ್ನು ಜೀವಕೋಶದ ಒಳಗೆ ಎಳೆದುಕೊಳ್ಳುವ ರಿಸೆಪ್ಟರುಗಳು (ಗ್ರಾಹಕಗಳು). ಬಿಲಿರುಬಿನ್ ಕಲ್ಲಿದ್ದ ಪಿತ್ತಕೋಶವನ್ನೂ ಕೊಲೆಸ್ಟರಾಲ್ ಕಲ್ಲಿದ್ದ ಪಿತ್ತಕೋಶವನ್ನೂ ಒಂದೇ ಗುಂಪಿಗೆ ಹಾಕಿ ಎಣಿಸಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಬ್ಲೇಡಿನಿಂದ ಸೀಳಿದಾಗ ಹಳದಿ-ಬಿಳಿ, ನಡುವಿನಿಂದ ಹೊರಕ್ಕೆ ಹರಡಿದ ಹೊಳೆಯುವ ಹರಳು ಕಂಡರೆ ಕೊಲೆಸ್ಟರಾಲ್. ಕಾಳುಮೆಣಸಿನಷ್ಟೇ ಸಣ್ಣದು, ಕಪ್ಪು, ಒತ್ತಿದರೆ ಪುಡಿಯಾಗುವುದು ಕಪ್ಪು ಪಿಗ್ಮೆಂಟ್. ಮೆತ್ತಗೆ, ಮಣ್ಣಿನ ಹಾಗೆ ಪದರಪದರವಾಗಿದ್ದರೆ ಕಂದು ಪಿಗ್ಮೆಂಟ್. ಅನುಮಾನ ಬಂದರೆ ಪುಡಿಯನ್ನು 2 ಮಿಲಿ ಕ್ಲೋರೊಫಾರ್ಮಿನಲ್ಲಿ ಕರಗಿಸಿ, 10 ಹನಿ ಅಸಿಟಿಕ್ ಅನ್‌ಹೈಡ್ರೈಡ್, 2-3 ಹನಿ ಗಾಢ ಸಲ್ಫ್ಯೂರಿಕ್ ಆಸಿಡ್, ಎಲ್ಲವೂ ಫ್ಯೂಮ್ ಹುಡ್ ಒಳಗೆ. ಕೊನೆಗೆ ಹಸಿರು ನಿಂತರೆ ಕೊಲೆಸ್ಟರಾಲ್ ಇದೆ. ಈ ಊರಿನ ಜೂನ್ ತಿಂಗಳ ಗಾಳಿಯಲ್ಲಿ ಟೆಸ್ಟ್‌ಟ್ಯೂಬ್ ಓವನ್ನಿನಿಂದ ಆಗಷ್ಟೇ ತೆಗೆದದ್ದಾಗಿರಬೇಕು. ತೇವ ಸೋಕಿದರೆ ಬಣ್ಣ ಸರಿಯಾಗಿ ಏರುವುದಿಲ್ಲ.

ಜೂನ್ ಮೂರನೇ ವಾರ

ಎಥಿಕ್ಸ್ ಕಮಿಟಿಯ ಒಪ್ಪಿಗೆ ಇರುವ ಸ್ಪೆಸಿಮೆನ್ (ಆಪರೇಷನ್ನಿನಲ್ಲಿ ತೆಗೆದ ಪಿತ್ತಕೋಶ) ಮಾತ್ರ, ಹೆಸರಿಲ್ಲ, ನಂಬರ್ ಮಾತ್ರ. ಪಿತ್ತಕೋಶವನ್ನು ತೆರೆಯದೆ ಹಾಗೇ ಫಾರ್ಮಲಿನ್ನಿಗೆ ಹಾಕಿದರೆ ಒಳಗಿನ ಪಿತ್ತ ಒಳಪದರವನ್ನೇ ಕರಗಿಸುತ್ತದೆ. ಮಾರನೆಯ ದಿನ ಕತ್ತರಿಸಿದಾಗ ಕಾಣಬೇಕಾದ ಕಂಬಾಕಾರದ ಜೀವಕೋಶಗಳೇ ಉದುರಿರುತ್ತವೆ. ಆದಷ್ಟು ಬೇಗ ಉದ್ದಕ್ಕೆ ಸೀಳಿ, ಸಲೈನಿನಲ್ಲಿ ಮೆಲ್ಲಗೆ ತೊಳೆದು, ಅಂಗಾಂಶದ ಹತ್ತು ಪಟ್ಟು 10% ಬಫರ್ಡ್ ಫಾರ್ಮಲಿನ್ನಿನಲ್ಲಿ 24 ಗಂಟೆ ಬಿಡಬೇಕು. ಉಜ್ಜಬಾರದು.

ಪಿತ್ತಕೋಶದ ಗೋಡೆಯ ಪಟ್ಟಿಯನ್ನು 3-4 ಮಿಮೀ ಅಗಲಕ್ಕೆ ಕತ್ತರಿಸಿ ಕ್ಯಾಸೆಟ್ಟಿನಿಂದ (ತುಂಡು ಇಡುವ ಪುಟ್ಟ ಡಬ್ಬಿ) ಮೇಣಕ್ಕೆ ಇಳಿಸುವಾಗ ಅಂಚಿನ ಮೇಲೆ ನಿಲ್ಲಿಸಿ. ಮಲಗಿಸಿದರೆ ಒಳಪದರದ ಮಡಿಕೆಗಳು ಓರೆಯಾಗಿ ಕತ್ತರಿಸಿ ಹೋಗುತ್ತವೆ, ಜೀವಕೋಶದ ತಲೆ ಯಾವುದು ಬುಡ ಯಾವುದು ಗೊತ್ತಾಗುವುದಿಲ್ಲ. ಮೆಗಾಲಿನ್ ಕೂರುವುದು ಪಿತ್ತದ ಕಡೆಯ ಅಂಚಿನಲ್ಲಿ. ಆ ಅಂಚೇ ಕಾಣದ ಸೆಕ್ಷನ್ (ಕತ್ತರಿಸಿದ ತೆಳು ಪದರ) ಯಾತಕ್ಕೂ ಬರುವುದಿಲ್ಲ. ಸ್ಟ್ರಾಬೆರಿಯಂತೆ ಹಳದಿ ಚುಕ್ಕೆ ಇರುವ ಪಿತ್ತಕೋಶ ಸಿಕ್ಕರೆ ಒಂದು ತುಂಡು ಮೊದಲೇ ಫ್ರೋಜನ್ ಸೆಕ್ಷನ್ನಿಗೆ (ಮೇಣವಿಲ್ಲದೆ, ಹೆಪ್ಪುಗಟ್ಟಿಸಿ ಕತ್ತರಿಸಲು) ತೆಗೆದಿಡಿ. ಕೊಬ್ಬನ್ನು ತೋರಿಸುವ ಆಯಿಲ್ ರೆಡ್ ಓ ಬಣ್ಣಕ್ಕೆ ಬೇಕಾದ ಕೊಬ್ಬು ಪ್ಯಾರಾಫಿನ್ (ಮೇಣದ) ದಾರಿಯಲ್ಲಿ ಝೈಲೀನ್ ಎಂಬ ದ್ರಾವಕಕ್ಕೆ ಕರಗಿ ಹೋಗುತ್ತದೆ.

ಜುಲೈ ಎರಡನೇ ವಾರ

4 ಮೈಕ್ರಾನ್ ಸೆಕ್ಷನ್, ಪಾಲಿ-ಎಲ್-ಲೈಸೀನ್ ಅಂಟು ಬಳಿದ ಸ್ಲೈಡ್. ಮೊದಲ ಸುತ್ತಿನಲ್ಲಿ ರಿಟ್ರೀವಲ್ (ಆಂಟಿಬಾಡಿ ಅಂಟುವ ಜಾಗ ತೆರೆದುಕೊಳ್ಳಲು ಬಿಸಿ ದ್ರಾವಣದಲ್ಲಿಡುವ ಹಂತ) ಬಿಸಿಗೆ ಮಡಿಕೆಗಳೆಲ್ಲ ಎದ್ದು ತೇಲಿದವು. ಅಂಟು ಕಾರಣವಲ್ಲ, ಸೆಕ್ಷನ್ ಅಡಿಯಲ್ಲಿ ನೀರು ಸಿಕ್ಕಿಕೊಂಡಿತ್ತು. ಮಳೆಗಾಲದಲ್ಲಿ ಮೇಜಿನ ಮೇಲಿಟ್ಟು ಒಣಗಿತು ಅಂದುಕೊಳ್ಳುವಂತಿಲ್ಲ. ಈಗ ಸ್ಲೈಡನ್ನು ನಿಲ್ಲಿಸಿ ನೀರು ಬಸಿದು, 37 ಡಿಗ್ರಿಯಲ್ಲಿ ರಾತ್ರಿಯಿಡೀ, ಬೆಳಿಗ್ಗೆ 60 ಡಿಗ್ರಿಯಲ್ಲಿ 1 ಗಂಟೆ. ಆಮೇಲೆ ಎದ್ದಿಲ್ಲ.

ರಿಟ್ರೀವಲ್: 1 ಲೀಟರಿಗೆ ಟ್ರಿಸ್ 1.21 ಗ್ರಾಂ, ಇಡಿಟಿಎ 0.37 ಗ್ರಾಂ, ಟ್ವೀನ್-20 ಅರ್ಧ ಮಿಲಿ, ಪಿಎಚ್ 9. 95-98 ಡಿಗ್ರಿಯಲ್ಲಿ 20 ನಿಮಿಷ, ಅದರಲ್ಲೇ 20 ನಿಮಿಷ ಆರಬೇಕು. 3% ಪೆರಾಕ್ಸೈಡ್ 10 ನಿಮಿಷ. ಆಂಟಿಬಾಡಿ 1:100, 1:200, 1:400, ಮೂರನ್ನೂ 4 ಡಿಗ್ರಿಯಲ್ಲಿ ಒಂದು ರಾತ್ರಿ. ಮೆಗಾಲಿನ್, ಕ್ಯೂಬಿಲಿನ್ ಎರಡಕ್ಕೂ ಕಂಟ್ರೋಲ್ ಮೂತ್ರಪಿಂಡ: ಅದರ ಪ್ರಾಕ್ಸಿಮಲ್ ಟ್ಯೂಬ್ಯೂಲ್ ಎಂಬ ಸಣ್ಣ ನಳಿಕೆಯ ಒಳಂಚಿನಲ್ಲಿ ಕಂದು ಗೆರೆ ಬರದಿದ್ದರೆ ಆ ದಿನದ ಬ್ಯಾಚ್ ಪೂರ್ತಿ ರದ್ದು.

ಆಗಸ್ಟ್ ಮೊದಲ ವಾರ

ದೊಡ್ಡ ತಲೆನೋವು ಬಣ್ಣದ್ದೇ. ಆಂಟಿಬಾಡಿ ಅಂಟಿದ ಜಾಗ ತೋರಿಸುವ ಡಿಎಬಿಯೂ ಕಂದು, ಉಳಿದ ಪಿತ್ತವೂ ಹೊಂಬಣ್ಣದ ಕಂದು, ಜೀವಕೋಶದಲ್ಲಿ ತಾನಾಗಿ ಸೇರುವ ಲಿಪೊಫಸಿನ್ ಎಂಬ ವರ್ಣವೂ ಕಂದು. ಪ್ರೈಮರಿ (ಮೊದಲ) ಆಂಟಿಬಾಡಿ ಹಾಕದ ಜೋಡಿ ಸ್ಲೈಡ್ ಇಲ್ಲದೆ ಯಾವುದನ್ನೂ ‘ಪಾಸಿಟಿವ್’ ಎಂದು ಬರೆಯಬೇಡಿ. ಅನುಮಾನದ ಕೇಸುಗಳಿಗೆ ಡಿಎಬಿ ಬಿಟ್ಟು ಎಇಸಿ ಎಂಬ ಇನ್ನೊಂದು ಬಣ್ಣಕ್ಕೆ ಬದಲಾಯಿಸಿದ್ದೇವೆ. ಕೆಂಪು ಬರುತ್ತದೆ, ಆದರೆ ಆಲ್ಕೋಹಾಲಿಗೆ ಕರಗುವುದರಿಂದ ಸ್ಲೈಡ್ ಮುಚ್ಚಲು ನೀರಿನ ಮೌಂಟಿಂಗ್ ಮೀಡಿಯಮ್ಮೇ ಬೇಕು.

ನ್ಯೂಕ್ಲಿಯಸ್ಸಿಗೆ ನೀಲಿ ಕೊಡಬೇಕಾದ ಹೀಮಟಾಕ್ಸಿಲಿನ್ ಬಣ್ಣ ಕೆಂಪಾಗಿಯೇ ಉಳಿಯುತ್ತಿತ್ತು. ತುಂಬೆಯಿಂದ ಬರುವ ನೇತ್ರಾವತಿ ನೀರು ಮೆದು, ನೀಲಿ ಏರಿಸುವಷ್ಟು ಕ್ಷಾರ ಅದರಲ್ಲಿಲ್ಲ. ಮುರಕಲ್ಲಿನ ಬಾವಿ ನೀರಂತೂ ಸ್ವಲ್ಪ ಹುಳಿಯೇ. 1 ಲೀಟರ್ ನೀರಿಗೆ ಸೋಡಿಯಂ ಬೈಕಾರ್ಬೊನೇಟ್ 3.5 ಗ್ರಾಂ, ಮೆಗ್ನೀಷಿಯಂ ಸಲ್ಫೇಟ್ 20 ಗ್ರಾಂ ಬೆರೆಸಿದ ಮೇಲೆ ಒಂದೆರಡು ನಿಮಿಷದಲ್ಲಿ ನೀಲಿ.

ಟಿಜಿಆರ್5 (ಪಿತ್ತಾಮ್ಲಗಳ ರಿಸೆಪ್ಟರ್) ಸೇರಿಸಬೇಕೆಂಬ ಆಸೆ ಇದೆ. ಆ ರಿಸೆಪ್ಟರ್ ಇಲ್ಲದ ಇಲಿಗಳಿಗೆ ಕಲ್ಲು ಬರಿಸುವ ಆಹಾರ ಕೊಟ್ಟರೂ ಕೊಲೆಸ್ಟರಾಲ್ ಕಲ್ಲು ಆಗಲಿಲ್ಲ ಎಂಬುದು 2006ರಲ್ಲೇ ಪ್ರಕಟವಾಗಿದೆ. ಆದರೆ ಈ ಜಾತಿಯ ರಿಸೆಪ್ಟರಿನ ಆಂಟಿಬಾಡಿಗಳು ಸಿಕ್ಕಿದ್ದಕ್ಕೆಲ್ಲ ಅಂಟುತ್ತವೆ. ಬ್ಲಾಟಿನಲ್ಲಿ (ಪ್ರೋಟೀನುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ ನೋಡುವ ಪರೀಕ್ಷೆ) ಒಂದೇ ಪಟ್ಟಿ ತೋರಿಸದ ಬಾಟಲಿಗೆ ದುಡ್ಡು ಸುರಿಯುವುದಕ್ಕಿಂತ ಆರ್‌ಎನ್‌ಎ ಇನ್ ಸಿಟು (ಪ್ರೋಟೀನಿನ ಬದಲು ಅದರ ಆರ್‌ಎನ್‌ಎಯನ್ನು ಅಂಗಾಂಶದಲ್ಲೇ ಗುರುತಿಸುವ ವಿಧಾನ) ವಾಸಿ.

ಉಳಿದಿರುವ ತೊಡಕು ‘ಆರೋಗ್ಯವಂತ’ ಪಿತ್ತಕೋಶದ್ದು. ಕಲ್ಲಿಲ್ಲದ ಪಿತ್ತಕೋಶ ಸಿಗುವುದು ಹೆಚ್ಚಾಗಿ ವಿಪಲ್ ಆಪರೇಷನ್ನಿನಲ್ಲಿ (ಮೇದೋಜೀರಕದ ತಲೆಯ ಭಾಗ ತೆಗೆಯುವುದು). ಅಲ್ಲಿ ಹೆಚ್ಚಾಗಿ ಪಿತ್ತನಾಳವೇ ಕಟ್ಟಿರುತ್ತದೆ, ಪಿತ್ತಾಮ್ಲಗಳ ಮಟ್ಟ ಬದಲಾದರೆ ಮೆಗಾಲಿನ್ ಪ್ರಮಾಣವೂ ಬದಲಾಗಬಹುದು. ಅವನ್ನು ಬೇರೆಯೇ ಕಾಲಂನಲ್ಲಿ, ಬಿಲಿರುಬಿನ್ ಅಂಕಿಯೊಂದಿಗೆ ಬರೆದಿಡುತ್ತಿದ್ದೇವೆ.