ಪಿಂಚಣಿ ಕೌಂಟರಿನ ಮುಂದಿನ ಬೆಂಚು

ಬ್ಯಾಂಕಿಗೆ ಸೇರಿದಾಗ ನನಗೆ ಸಿಕ್ಕ ಮೊದಲ ಊರು ಸೋಮವಾರಪೇಟೆ. ನವೆಂಬರ್ ಬಂತೆಂದರೆ ಪಿಂಚಣಿದಾರರೆಲ್ಲ ಬಂದು 'ನಾನಿನ್ನೂ ಬದುಕಿದ್ದೇನೆ' ಅಂತ ಸಹಿ ಹಾಕಿ ಕೊಡಬೇಕಿತ್ತು. ಕೊಡಗು ಅಲ್ವಾ, ಸಾಲಿನಲ್ಲಿ ಮಾಜಿ ಸೈನಿಕರು, ಅವರ ವಿಧವೆಯರೇ ಜಾಸ್ತಿ.

ಕೌಂಟರಿನ ಮುಂದಿನ ಬೆಂಚಿನ ತುದಿಯಲ್ಲಿ ಒಬ್ಬರು ದಿನಾ ಬಂದು ಕೂರುತ್ತಿದ್ದರು. ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರ್ ಆಗಿದ್ದವರು. ಊರಿಗೆಲ್ಲ ಮಿಲ್ಟ್ರಿ ತಾತ. ಜೇಬಿನಲ್ಲಿ ಎರಡು ಪೆನ್ನು, ಕೈಚೀಲದಲ್ಲಿ ಇಂಕ್ ಪ್ಯಾಡು, ಹೆಬ್ಬೆಟ್ಟು ಒರೆಸೋಕೆ ಹಳೇ ಪಂಚೆಯ ಒಂದು ತುಂಡು. ಓದು ಬರದವರಿಗೆ ಫಾರಂ ತುಂಬಿಕೊಡುತ್ತಿದ್ದರು. ಮೊದಲ ವಾರ ನಾನು ಅವರನ್ನು ಬ್ರೋಕರ್ ಅಂದುಕೊಂಡಿದ್ದೆ. ಒಂದು ಕಾಫಿಯನ್ನೂ ಯಾರಿಂದಲೂ ಕುಡಿಯುತ್ತಿರಲಿಲ್ಲ ಅಂತ ಆಮೇಲೆ ಗೊತ್ತಾಯ್ತು. 1971ರ ಯುದ್ಧದ ಬಗ್ಗೆ ಕೇಳಿದರೆ, "ಸೇತುವೆ ಕಟ್ಟಿದ್ವಿ ಕಣಮ್ಮಾ" ಅಂತ ಅಷ್ಟಕ್ಕೇ ಮುಗಿಸುತ್ತಿದ್ದರು.

ಒಂದು ದಿನ ವಯಸ್ಸಾದ ಅಜ್ಜಿಯೊಬ್ಬರು ಬಂದರು. ನೋಡಿದರೆ ಎಂಬತ್ತು ದಾಟಿದವರು. 80 ತುಂಬಿದರೆ ವಿಧವೆಗೆ ಬರುವ ಕುಟುಂಬ ಪಿಂಚಣಿ ಶೇ. 20 ಹೆಚ್ಚಾಗುತ್ತದೆ, 85ಕ್ಕೆ ಶೇ. 30, 90ಕ್ಕೆ ಶೇ. 40. ಆದರೆ ಅಜ್ಜಿಯ ಪಿಪಿಒದಲ್ಲಿ, ಅಂದರೆ ಪಿಂಚಣಿ ಪಾವತಿ ಆದೇಶದಲ್ಲಿ, ಹುಟ್ಟಿದ ದಿನಾಂಕವೇ ಇರಲಿಲ್ಲ. ಹಳೇ ಕಾಲದ ಜವಾನರ ಕಾಗದದಲ್ಲಿ ಹೆಂಡತಿಯ ಹೆಸರಿದ್ದರೆ ಅದೇ ದೊಡ್ಡದು. ನಾನು "ಇದರಲ್ಲಿ ಇಲ್ಲ, ಆಗಲ್ಲ" ಅಂದೆ. ಅಜ್ಜಿ ತಲೆಯಾಡಿಸಿ ಹೊರಟುಬಿಟ್ಟರು.

ತಾತ ಎದ್ದು ಬಂದರು. ಬೈಯಲಿಲ್ಲ. "ಆಗಲ್ಲ ಅಂದ್ಯಲ್ಲಾ, ಏನು ತಂದ್ರೆ ಆಗತ್ತೆ ಅಂತ ಹೇಳ್ಲಿಲ್ವಲ್ಲಾ" ಅಂದರು. ಅಷ್ಟೇ. ಬಸ್ ಸ್ಟ್ಯಾಂಡಿಗೆ ಹೋಗಿ ಅಜ್ಜಿಯನ್ನು ಕರೆದುಕೊಂಡು ಬಂದರು. ಆಧಾರ್, ವೋಟರ್ ಕಾರ್ಡು ಜೋಡಿಸಿ ಅಲಹಾಬಾದಿನ ಪಿಂಚಣಿ ಕಚೇರಿಗೆ ಅರ್ಜಿ ಬರೆದದ್ದು ಅವರೇ. ಆಗಿನ್ನೂ ಸೇನಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ ಸ್ಪರ್ಶ್ ಬಂದಿರಲಿಲ್ಲ, ಎಲ್ಲಾ ಅಂಚೆಯಲ್ಲೇ.

ಅವತ್ತಿನಿಂದ ನನ್ನ ಮೇಜಿನ ಮೇಲೆ ಹರಿದ ಚೀಟಿಗಳ ಒಂದು ಕಟ್ಟು ಇರುತ್ತದೆ. ಏನು ತರಬೇಕು ಅಂತ ದೊಡ್ಡ ಅಕ್ಷರದಲ್ಲಿ ಬರೆದು ಕೈಗೆ ಕೊಡುತ್ತೇನೆ. ಹಿಂದೆ ಸಾಲು ಬೆಳೆಯುತ್ತದೆ, ಮ್ಯಾನೇಜರ್ ಕಣ್ಣು ಬಿಡುತ್ತಾರೆ, ಅದು ಇದ್ದದ್ದೇ.

ತಾತ ಬರುವ ಮಾಜಿ ಸೈನಿಕರಿಗೆಲ್ಲ ಕೇಳುತ್ತಿದ್ದ ಪ್ರಶ್ನೆಯೂ ನನಗೆ ಅಂಟಿಕೊಂಡಿದೆ: "ಹೆಂಡ್ತಿ ಹೆಸ್ರು, ಹುಟ್ಟಿದ ತಾರೀಕು ಸರಿ ಇದ್ಯೇನಪ್ಪಾ?" ಕೆಲವರು ಮುಖ ಸಿಂಡರಿಸುತ್ತಿದ್ದರು. ಸಾಯೋ ಮಾತು ಯಾರಿಗೆ ಬೇಕು?

2018ರ ಆಗಸ್ಟ್‌ನಲ್ಲಿ ಮಾದಾಪುರ, ಹಟ್ಟಿಹೊಳೆ ಕಡೆ ಗುಡ್ಡ ಕುಸಿಯಿತಲ್ಲ, ಆಗ ತಾತನ ಬೆಂಚು ಪರಿಹಾರ ಕೇಂದ್ರಕ್ಕೆ ಹೋಯಿತು. ಮನೆ ಜೊತೆ ಪಾಸ್‌ಬುಕ್ಕೂ ಮಣ್ಣಿನಡಿ ಹೋದವರ ಹೆಸರು, ಖಾತೆಯ ಊರು ಬರೆದುಕೊಂಡು, ಪಟ್ಟಿಯನ್ನು ನೆನೆಯದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದುಕೊಡುತ್ತಿದ್ದರು.

ಮರುವರ್ಷ ತಾತ ಹೋದರು. ತಿಂಗಳ ಮೇಲೆ ಅವರ ಹೆಂಡತಿ ಬ್ಯಾಂಕಿಗೆ ಬಂದರು, ಕೈಯಲ್ಲಿ ಕಂದು ಬಣ್ಣದ ಕವರು. ಮೇಲೆ ತಾತನದೇ ಅಕ್ಷರದಲ್ಲಿ ಪಟ್ಟಿ. ಪಿಪಿಒ, ಜಂಟಿ ಫೋಟೋ, ಆಧಾರ್, ಪಾಸ್‌ಬುಕ್, ಎಲ್ಲದರ ಮುಂದೆ ಟಿಕ್ಕು. ಕೊನೇ ಸಾಲಿಗೆ ಮಾತ್ರ ಟಿಕ್ಕಿಲ್ಲ: "ಮರಣ ಪ್ರಮಾಣ ಪತ್ರ, ಪಟ್ಟಣ ಪಂಚಾಯಿತಿಯಲ್ಲಿ ಐದು ಪ್ರತಿ ತಗೋ."

ಅಜ್ಜಿ ಐದೂ ತಂದಿದ್ದರು. ನಾನು ಒಂದನ್ನು ಇಟ್ಟುಕೊಂಡು, ಆ ಸಾಲಿಗೂ ಟಿಕ್ಕು ಹಾಕಿ, ಕವರು ಅವರ ಕೈಗೇ ವಾಪಸ್ ಕೊಟ್ಟೆ.